ನಮ್ಮ ಸ್ಲ್ಯಾಬಿನ ನೀರು

ನಮ್ಮ ಮನೆಯ ಮೇಲೆ ಬಿದ್ದ ಮಳೆಯನ್ನು ನಮ್ಮ ಹಿತ್ತಲಲ್ಲೇ ಇಂಗಿಸೋಣ ಎಂದು ನಾನು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಒಬ್ಬರೂ ನನ್ನ ಮಾತನ್ನು ನೆಟ್ಟಗೆ ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡವರು ತಮಗೆ ಬೇಕಾದಂತೆ ಕೇಳಿಸಿಕೊಂಡರು. ಯಜಮಾನರಿಗೆ ಅದು ಕಬ್ಬಿನ ಜಾಗವಾಗಿ ಕಂಡಿತು. ಕೌಜಲಗಿಯ ಕಾಕಾನಿಗೆ ವಾಸ್ತುದೋಷವಾಗಿ ಕಂಡಿತು. ತಗ್ಗು ತೆಗೆಯಲು ಬಂದವನಿಗೆ ಕಾಳು ತುಂಬುವ ಹಗೇವಾಗಿ ಕಂಡಿತು. ನಮ್ಮ ಅತ್ತೆಗೆ ಏನಾಗಿ ಕಂಡಿತು ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು. ತಿಳಿಯುವಷ್ಟರಲ್ಲಿ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು.

ಮೂಡಲಗಿಯ ಅಂಚಿನಲ್ಲಿ ನಮ್ಮ ಮನೆ. ಮೊದಲು ಮಣ್ಣಿನ ಮಾಳಿಗೆಯಿತ್ತು. ಮಳೆ ಬಂದರೆ ಆ ಮಾಳಿಗೆ ಒಂದಷ್ಟು ನೀರು ತಾನೇ ಕುಡಿದು, ಉಳಿದದ್ದನ್ನು ನಾಲ್ಕೂ ಕಡೆಯ ತಗಡಿನ ದೋಣಿಗಳಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತಿತ್ತು. ಸೋರುತ್ತದೆ ಎಂದು ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಿದೆವು. ಸ್ಲ್ಯಾಬು ಸೋರುವುದಿಲ್ಲ, ಖರೆ. ಆದರೆ ಇಡೀ ಮನೆಯ ನೀರನ್ನು ಒಂದೇ ಪೈಪಿಗೆ ತಂದು ಹಿತ್ತಲಿಗೆ ಧೋ ಎಂದು ಸುರಿಯುತ್ತದೆ. ನಮ್ಮ ಹಿತ್ತಲು ಇಳಿಜಾರು. ಇಳಿಜಾರಿನ ಕೊನೆಗೆ ಒಂದು ಮೋಟು ಗೋಡೆ. ಅದರ ಬುಡದಲ್ಲಿ ಸಂದುಗಳಿವೆ. ಅದರಾಚೆ ಬಾಜೂ ಮನೆಯ ಕಾಕುವಿನ ಹಿಂದಿನ ಕೋಣೆ.

ಕಾಕು ಎಂದು ನಾನು ಕರೆಯುವ ಈ ಹೆಂಗಸಿಗೂ ನಮ್ಮ ಅತ್ತೆಗೂ ಬಹಳ ವರ್ಷಗಳ ಗೆಳೆತನ. ಅವರು ಕುರಿ ಸಾಕುವ ಮನೆತನದವರು, ನಾವು ಲಿಂಗ ಕಟ್ಟಿದವರು. ಮಕ್ಕಳು ಕುರಿ ಹೊಡೆದುಕೊಂಡು ಹೋದರೆ ಕಾಕು ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಊರಿನವರೆಲ್ಲರ ಜಾತಕ ಬಿಚ್ಚುತ್ತಿದ್ದರು. ನಾನು ಶಾಲೆಯಿಂದ ಬಂದರೂ ಅತ್ತೆಗೆ ಎಚ್ಚರವಿರುತ್ತಿರಲಿಲ್ಲ.

ಸ್ಲ್ಯಾಬ್ ಹಾಕಿಸಿದ ಮೊದಲ ಮಳೆಗಾಲದಲ್ಲಿ ಕಾಕು ಮಗಳ ಬಾಣಂತನಕ್ಕೆಂದು ಹತ್ತರಗಿಗೆ ಹೋಗಿದ್ದರು. ಮಕ್ಕಳು ಕುರಿಯ ಹಿಂದೆ ಹೋಗಿದ್ದರು. ಮನೆಗೆ ಕೀಲಿ. ಆ ಹೊತ್ತಿನಲ್ಲೇ ಮಳೆ ಹಿಡಿಯಿತು. ಕಾಕು ತಿರುಗಿ ಬಂದು ಹಿಂದಿನ ಕೋಣೆಯ ಬಾಗಿಲು ತೆಗೆದರೆ ನಮ್ಮ ನೀರು ನುಗ್ಗಿ, ನಿಂತು, ನಾರುತ್ತಿತ್ತು. ನೆಲದ ಮೇಲಿದ್ದ ಗಂಟಿನಲ್ಲಿ ಅವರ ಗಂಡ ನೇಯ್ದ ಕಂಬಳಿಯಿತ್ತು. ಕಂಬಳಿ ಮಳೆಗೆ ಹೆದರುವ ವಸ್ತುವಲ್ಲ, ಆದರೆ ಕೆಸರಲ್ಲಿ ಮಡಿಕೆಯಾಗಿ ಬಿದ್ದರೆ ಅದೂ ಕೊಳೆಯುತ್ತದೆ. ಕೈ ನಡುಗಲು ಶುರುವಾಗಿ ಮಗ್ಗ ಬಿಡುವ ಮೊದಲು ಆತ ನೇಯ್ದ ಕೊನೆಯ ಕಂಬಳಿ ಅದು. ಆತ ತೀರಿಕೊಂಡ ಮೇಲೆ ಕಾಕು ಅದನ್ನು ಹೊದೆಯದೆ, ಹಾಸದೆ, ಕಟ್ಟಿ ಇಟ್ಟಿದ್ದರು.

ಅದನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ಹಿಡಿದು ನಿಂತರು. "ನೋಡ ಯಕ್ಕಾ, ನಿಮ್ಮ ನೀರ ಏನ ಮಾಡೈತಿ."

ತಪ್ಪಾಯಿತವ್ವ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಅತ್ತೆಯ ನಾಲಿಗೆಗೆ ಆ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. "ಮಳಿ ದೇವರ ಕೊಟ್ಟಿದ್ದು, ನಾವೇನ ಮಾಡೂಣು? ಅಷ್ಟ ದಿನಾ ಮನಿ ಬಿಟ್ಟ ಹೋಗಬಾರದಿತ್ತ ನೀ" ಎಂದುಬಿಟ್ಟರು. ಕಾಕು ಕಂಬಳಿ ಸುತ್ತಿಕೊಂಡು ಹೋದರು. ಮಾತು ನಿಂತಿತು.

ಅವತ್ತಿನಿಂದ ಅತ್ತೆ ಕಟ್ಟೆಯ ಮೇಲೆ ಒಬ್ಬರೇ, ಕಾಕುವಿನ ಮನೆಗೆ ಬೆನ್ನು ಮಾಡಿ ಕೂಡಲು ಶುರು ಮಾಡಿದರು. ಎಲೆಯ ಚಂಚಿ ಬಿಚ್ಚುತ್ತಿರಲಿಲ್ಲ. ರೊಟ್ಟಿ ಅರ್ಧ ಮುರಿದು ಅರ್ಧ ಹಾಗೆಯೇ ಬಿಡುತ್ತಿದ್ದರು. ಸೀರೆ ಮೈಮೇಲೆ ನಿಲ್ಲದಷ್ಟು ಇಳಿದು ಹೋದರು. ಡಾಕ್ಟರಿಗೆ ತೋರಿಸಿದೆವು, ಏನೂ ಇಲ್ಲ ಎಂದರು. ನನಗೆ ರೋಗ ಗೊತ್ತಿತ್ತು. "ಹೋಗಿ ಒಂದ ಮಾತ ಆಡಿ ಬರ್ರಿ ಅತ್ತಿ" ಎಂದರೆ "ಆಕಿ ಬರ್ಲಿ" ಎನ್ನುವರು. ಅತ್ತ ಕಾಕುವಿಗೆ ಹೇಳಿದರೆ "ನೀರ ಬಂದಿದ್ದು ನಿಮ್ಮ ಮನಿಯಿಂದ, ನಾ ಯಾಕ ಬರ್ಲಿ ಟೀಚರ?" ಎನ್ನುವರು. ಅವರ ಮಾತೂ ಸರಿಯೇ. ಶಾಲೆಯಲ್ಲಿ ಬೆಂಚಿನ ಮೇಲೆ ಗೆರೆ ಎಳೆದುಕೊಂಡು ಜಗಳಾಡುವ ಹುಡುಗಿಯರನ್ನಾದರೂ ಗದರಿಸಿ ಕೂಡಿಸಬಹುದು, ಈ ಇಬ್ಬರನ್ನು ಗದರಿಸುವವರು ಯಾರು?

ಗೋಕಾಕದಲ್ಲಿ ಶಿಕ್ಷಕರ ತರಬೇತಿಯೊಂದಕ್ಕೆ ಹೋದಾಗ ಯಾರೋ ಬಂದು ರೇನ್ ಗಾರ್ಡನ್ ಎಂದು ಚಿತ್ರ ತೋರಿಸಿದರು. ತಾಟಿನಂಥ ತಗ್ಗು ಮಾಡಿ, ಮಾಳಿಗೆಯ ನೀರನ್ನು ಅದಕ್ಕೆ ಹರಿಸಿ, ನೀರು ತಾಳುವ ಗಿಡ ಹಚ್ಚಿದರೆ ನೀರು ಅಲ್ಲೇ ಇಂಗುತ್ತದಂತೆ. ಉಳಿದವರು ಊಟದ ಗಂಟೆ ನೋಡುತ್ತಿದ್ದರು, ನಾನು ಕಾಕುವಿನ ಹಿಂದಿನ ಕೋಣೆಯನ್ನು ನೋಡುತ್ತಿದ್ದೆ. ನಮ್ಮ ನೀರು ಅವರ ಕಡೆ ಹೋಗದಂತೆ ಮಾಡಿದರೆ ಈ ಇಬ್ಬರೂ ಮತ್ತೆ ಒಂದು ಕಟ್ಟೆಯ ಮೇಲೆ ಕೂತಾರು ಎಂದು ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಬರುವಾಗ ಎಂಥ ಹುರುಪು ಅಂತೀರಿ!

ಯಜಮಾನರಿಗೆ ಹೇಳಿದೆ. "ನೋಡೂಣಂತ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಬೆನ್ನು ಬಿಡಲಿಲ್ಲ. ಅಷ್ಟರಲ್ಲಿ ಯಾವುದೋ ಲಗ್ನಪತ್ರಿಕೆ ಕೊಡಲು ಬಂದ ಕೌಜಲಗಿಯ ಕಾಕಾ, ಅಂದರೆ ಯಜಮಾನರ ಚಿಕ್ಕಪ್ಪ, ಹಿತ್ತಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಈ ಮೂಲಿಗೆ ತಗ್ಗ ತೆಗೀಬಾರ್ದು. ಮನಿ ಯಜಮಾನಗ ಛಲೋ ಅಲ್ಲ. ನೀರಿಗೆ ಈಶಾನ್ಯ ಮೂಲಿ."

"ಈಶಾನ್ಯ ಏರ ಐತ್ರಿ ಕಾಕಾ. ನೀರ ಅತ್ತಾಗ ಹತ್ತಂಗಿಲ್ಲ."

"ಏರ ಇದ್ರ ಪಂಪ್ ಹಚ್ಚ."

ಮಳೆಯ ನೀರನ್ನು ಪಂಪ್ ಹಚ್ಚಿ ಮೇಲಕ್ಕೇರಿಸಿ ಇಂಗಿಸಬೇಕಂತೆ! ಯಜಮಾನರು ತಲೆಯಾಡಿಸುತ್ತ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ. ಕಾಕಾ ಅದನ್ನೂ ವಾಸ್ತುವಿನ ಮೇಲೇ ಹಾಕಿರಬೇಕು.

ಮನುಷ್ಯರಾಯಿತು, ಮುಂದೆ ಮಣ್ಣು. ನನ್ನ ತವರು ಹುಕ್ಕೇರಿ ತಾಲೂಕು. ಅಲ್ಲಿ ನಮ್ಮ ಹಿತ್ತಲಿನದು ಕೆಂಪು ಮಸಾರಿ ಮಣ್ಣು, ಕೊಡ ನೀರು ಚೆಲ್ಲಿದರೆ ಗಟಗಟ ಕುಡಿದು ಮುಗಿಸುತ್ತಿತ್ತು. ಇಲ್ಲಿಯೂ ಹಾಗೇ ಎಂದುಕೊಂಡು ಸಣ್ಣ ತಗ್ಗು ತೋಡಿ, ಕೊಡ ನೀರು ಸುರುವಿ, ಇಂಗುವುದನ್ನು ನೋಡುತ್ತ ಕೂತೆ. ಮರುದಿನವೂ ನೀರು ಅಲ್ಲೇ ಇತ್ತು. ಕೋಳಿಗಳು ಬಂದು ಕುಡಿದವು, ನಾಯಿ ಬಂದು ಕುಡಿಯಿತು, ಮಣ್ಣು ಮಾತ್ರ ಕುಡಿಯಲಿಲ್ಲ. ಈ ಕಪ್ಪು ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೀರು ಬಿದ್ದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯವರ ಸ್ವಭಾವ ಎಲ್ಲಿಂದ ಬಂತು ಎಂದು ನನಗೆ ಅವತ್ತು ಗೊತ್ತಾಯಿತು.

ಹಾಗಾಗಿ ಎರೆ ಮಣ್ಣನ್ನು ಆಳದವರೆಗೆ ತೆಗೆಸಿ, ಅಲ್ಲಿ ಇಟ್ಟಿಗೆ ಚೂರು, ಗರಸು, ಉಸುಕು ತುಂಬಿಸಬೇಕಾಯಿತು. ತಗ್ಗು ತೆಗೆಯಲು ಬಂದವನಿಗೆ ತಾಟು ತೋರಿಸಿ, "ಹಿಂಗ ಅಂಚಿನಿಂದ ಇಳಿಜಾರ ಬರ್ಬೇಕ ತಮ್ಮಾ" ಎಂದು ತಿಳಿಸಿ ಹೇಳಿ ಶಾಲೆಗೆ ಹೋದೆ. ಬಂದು ನೋಡಿದರೆ ಗೋಡೆ ಕೊರೆದಂತೆ ನೆಟ್ಟಗೆ ತೋಡಿಟ್ಟಿದ್ದ. "ಹಗೇವ ತಗದಂಗ ತಗದೇನ್ರಿ ಅಕ್ಕಾರ, ಇನ್ನ ಎಷ್ಟ ಚೀಲ ಜೋಳ ಹಾಕ್ತೀರಿ ಹಾಕ್ರಿ" ಎಂದ. ಅಂಚುಗಳನ್ನು ನಾನೇ ಕಡಿದು ಇಳಿಜಾರು ಮಾಡಿದೆ. ನನ್ನ ರಟ್ಟೆ ಬಿದ್ದು ಹೋದವು.

ತೆಗೆದ ಎರೆ ಮಣ್ಣಿನಲ್ಲಿ ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸಿ, ಕಾಕುವಿನ ಗೋಡೆಯ ಕಡೆ ಒಂದು ಒಡ್ಡು ಹಾಕಿಸಿದೆ. ಧಮ್ಮಸು ಹಿಡಿದು ಚೆನ್ನಾಗಿ ಕುಟ್ಟಿಸಿದೆ. ಓಣಿಯ ಗಟಾರಿನ ಕಡೆಗೆ ಕಲ್ಲು ಹಾಸಿ, ಒಡ್ಡಿಗಿಂತ ತಗ್ಗಿನಲ್ಲಿ ಒಂದು ಬಾಯಿ ಬಿಟ್ಟೆ. ತೋಟ ತುಂಬಿದರೆ ಹೆಚ್ಚಿನ ನೀರು ಆ ಬಾಯಿಯಿಂದ ಓಣಿಗೆ ಹೋಗಬೇಕು, ಕಾಕುವಿನ ಕಡೆ ಒಂದು ಹನಿಯೂ ಹೋಗಬಾರದು. ಇಡೀ ತೋಟದ ಜೀವ ಆ ಒಡ್ಡಿನಲ್ಲಿತ್ತು. ಇದನ್ನು ನಾನು ಮನೆಯ ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳಿದೆ. ಕೋಣನ ಮುಂದೆ ಕಿನ್ನರಿ.

ಕಾಬಾಳೆ, ಲಾವಂಚ, ಮಜ್ಜಿಗೆ ಹುಲ್ಲು ತಂದು ಹಚ್ಚಿದೆ. ಒಂದು ಬೆಳಿಗ್ಗೆ ನೋಡಿದರೆ ಸಾಲಿನ ನಡುವೆ ಕಬ್ಬಿನ ತುಂಡುಗಳು. ಯಜಮಾನರನ್ನು ಕೇಳಿದರೆ "ನೀರ ಬರೂ ಜಾಗಾ ಖಾಲಿ ಬಿಟ್ರ ಹೆಂಗ?" ಎಂದು ನನ್ನನ್ನೇ ಕೇಳಿದರು. ನಾನು ಕಿತ್ತೆ, ಅವರು ಮತ್ತೆ ಹಚ್ಚಿದರು. ಕೊನೆಗೆ ಕಾಕುವಿನ ಮನೆಯ ಕುರಿಮರಿಗಳು ಗೋಡೆ ಹಾರಿ ಬಂದು ಕಬ್ಬಿನ ಮೊಳಕೆಗಳನ್ನು ಮೇಯ್ದು ಹೋದವು. ಆ ತಿಂಗಳು ನನಗೆ ಉಪಕಾರ ಮಾಡಿದವು ಅವಷ್ಟೇ. ಮರಿ ಹಿಡಿಯಲು ಕಾಕು ನಮ್ಮ ಹಿತ್ತಲಿಗೆ ಬಂದರು. ಅತ್ತೆ ಅಲ್ಲೇ ಮೊರ ಹಿಡಿದು ಜೋಳ ಹಸನ ಮಾಡುತ್ತ ಕೂತಿದ್ದರು. ಒಬ್ಬರು ಮರಿಯನ್ನು ಬೈದರು, ಇನ್ನೊಬ್ಬರು ಮೊರವನ್ನು ಬೈದರು. ಮುಖ ನೋಡಿಕೊಳ್ಳಲಿಲ್ಲ.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬಂತು. ಪೈಪಿನಿಂದ ಬಿದ್ದ ನೀರು ಕಲ್ಲಿನ ಮೇಲೆ ಹರಿದು ತಗ್ಗಿಗಿಳಿದು ನಿಂತಿತು. ಮರುದಿನ ಸಂಜೆಗೆ ಇಂಗಿ ಹೋಗಿತ್ತು! ನಾನು ಹಿತ್ತಲಲ್ಲಿ ಕುಣಿಯುವುದೊಂದು ಬಾಕಿ. "ತಗ್ಗಿನ್ಯಾಗ ನೀರ ನಿಂತ್ರ ನಗ್ತಾಳ, ಹೋದ್ರ ಇನ್ನೂ ನಗ್ತಾಳ" ಎಂದು ಅತ್ತೆ ಬಾಗಿಲಲ್ಲಿ ನಿಂತು ಗೊಣಗಿದರು. ಆದರೆ ಅವರ ಕಣ್ಣು ಕಾಕುವಿನ ಹಿಂದಿನ ಬಾಗಿಲ ಮೇಲಿತ್ತು. ಆ ಬಾಗಿಲು ತೆರೆಯಿತು, ಕಾಕು ಹೊಸ್ತಿಲನ್ನು ನೋಡಿದರು, ಒಣಗಿದ ನೆಲವನ್ನು ಕಾಲಿನಿಂದ ಮುಟ್ಟಿ ನೋಡಿದರು, ಬಾಗಿಲು ಮುಚ್ಚಿದರು. ಅಷ್ಟೇ. ಇಷ್ಟು ಮಾಡಿದ ಮೇಲೂ ಇಬ್ಬರ ಬಾಯಿಂದ ಒಂದು ಶಬ್ದ ಹೊರಡದಿದ್ದರೆ ನಾನು ಯಾರ ಹೆಸರಿನಲ್ಲಿ ಮಣ್ಣು ಹೊತ್ತೆ?

ಆಮೇಲೆ ಬಂತು ಮಣ್ಣೆತ್ತಿನ ಅಮಾವಾಸ್ಯೆ. ಅವತ್ತು ನಮ್ಮ ಕಡೆ ಮನೆಮನೆಗೂ ಎರೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ನನಗೆ ಬೆಳಿಗ್ಗೆ ಶಾಲೆಯಲ್ಲಿ ಏನೋ ಸಭೆ. ಮಧ್ಯಾಹ್ನ ಬಂದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಹಾಗೇ ನಿಂತೆ. ಒಡ್ಡು ಹಾಲುಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಖಾಲಿಯಾಗಿತ್ತು.

"ಅತ್ತೀ! ಒಡ್ಡ ಯಾರ ಕಡದ್ರರಿ?"

"ಯಾರೂ ಕಡದಿಲ್ಲವ್ವ. ಓಣ್ಯಾಗಿನ ಹೆಣ್ಮಕ್ಕಳ ಎತ್ತ ಮಾಡಾಕ ಮಣ್ಣ ಒಯ್ದಾರ. ನಾನ ಒಯ್ರಿ ಅಂದ್ನಿ. ಹಬ್ಬದ ದಿನಾ ಮಣ್ಣ ಕೇಳಿದ್ರ ಇಲ್ಲ ಅನ್ನಾಕ ಬರತೈತೇನ?"

"ಬಾಜೂಕ ಅಷ್ಟ ಮಣ್ಣ ಬಿದ್ದಿತ್ತಲ್ರಿ, ಅದನ್ನ ಒಯ್ಯಬಾರದಿತ್ತ?"

"ಅದರಾಗ ಹಳ್ಳ ಅದಾವ. ಒಡ್ಡಿನ ಮಣ್ಣ ಆರಿಸಿದ್ದು, ಕುಟ್ಟಿದ್ದು, ಮಿರಗದ ನೀರ ಕುಡದ ಹದಾ ಆಗಿತ್ತು. ಎಲ್ಲಾರೂ ಛಲೋ ಮಣ್ಣ ಅಂದ್ರ ನೋಡ."

ಊರಿಗೆ ಉಪಕಾರಿ, ಮನೆಗೆ ಮಾರಿ. ನಾನು ರಟ್ಟೆ ಬೀಳುವಂತೆ ದುಡಿದು ಮಾಡಿದ ಒಡ್ಡು ಓಣಿಯ ಪ್ರತಿ ಮನೆಯಲ್ಲೂ ಗುಲಗಂಜಿ ಕಣ್ಣು ಇಟ್ಟುಕೊಂಡು ಕೂತು ಹೋಳಿಗೆ ಎಡೆ ಹಿಡಿಸಿಕೊಳ್ಳುತ್ತಿತ್ತು. ಅಡ್ಡಾದಿಡ್ಡಿ ಕೂಗಾಡಿದೆ. ಸಲಿಕೆ ಹಿಡಿದು ಬರ್ರಿ ಎಂದು ಯಜಮಾನರನ್ನು ಕರೆದೆ. "ಅಮಾಸಿ ದಿನಾ ಮಣ್ಣಿಗೆ ಸಲಿಕಿ ಹಾಕಬಾರ್ದು, ನಾಳೆ ಹಾಕೂಣು" ಎಂದರು. ಹಾಗಾದರೆ ಇವರೆಲ್ಲ ಬೆಳಿಗ್ಗೆಯಿಂದ ಮಣ್ಣು ತೆಗೆದದ್ದು? "ಅದ ಕೈಲೆ ತಗದದ್ದು. ಕೈಲೆ ನಡೀತೈತಿ." ಇಂಥ ಮಂದಿಯ ಜೊತೆ ಏನು ವಾದ ಮಾಡುವುದು, ಹೇಳಿ.

ಗೊಣಗುತ್ತಲೇ ಮೋಟು ಗೋಡೆಯ ಹತ್ತಿರ ಹೋಗಿ ನೋಡಿದೆ. ಗೋಡೆಯ ಮೇಲೆ ಒದ್ದೆ ಮಣ್ಣಿನ ಉಂಡೆ ಇಟ್ಟಿದ್ದ ಗುರುತಿತ್ತು. ಅತ್ತೆ ನನ್ನ ಹಿಂದೆಯೇ ಬಂದಿದ್ದರು. ಸೆರಗು ತಿದ್ದಿಕೊಳ್ಳುತ್ತ, ಗೋಡೆಗೆ ಹೇಳುವವರಂತೆ ಹೇಳಿದರು. "ಆಕಿಗೂ ಒಂದ ಉಂಡಿ ಇಟ್ಟಿದ್ನಿ. ಎಲ್ಲಾರಿಗೂ ಕೊಟ್ಟು ಆಕಿಗೆ ಕೊಡದಿದ್ರ ಛಂದ ಕಾಣಂಗಿಲ್ಲಲ್ಲ."

"ಒಯ್ದಾರೇನ್ರಿ?"

"ಒಯ್ದಾಳ."

ಆಗ ನನಗೆ ಅರ್ಥವಾಯಿತು. ಈ ಮಹಾತಾಯಿ ಒಬ್ಬಳಿಗೆ ಒಂದು ಉಂಡೆ ಮಣ್ಣು ಕೊಡಲು ಇಡೀ ಓಣಿಗೆ ಒಡ್ಡು ಹಂಚಿದ್ದರು. ಎಲ್ಲರಿಗೂ ಕೊಟ್ಟರೆ ಅವಳಿಗೂ ಕೊಡಬಹುದು, ಮಾತಾಡದೇ ಕೊಡಬಹುದು. ನನಗೆ ಪಾಪ ಎನಿಸಿತು, ಖರೆ. ಸಿಟ್ಟು ಇಳಿಯಿತು ಎಂದು ಮಾತ್ರ ಯಾರೂ ತಿಳಿಯಬಾರದು. ಆ ಒಂದು ಉಂಡೆಯನ್ನು ನಾನು ಬೇಕಾದರೆ ಹೊಲದಿಂದ ತಂದು ಕೊಡುತ್ತಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಳೆ ಬಂತು. ಇಡೀ ಮಿರಗದಲ್ಲಿ ಬರದ ಮಳೆ. ಪೈಪು ಬಿರುಸಿನಿಂದ ಉಗುಳತೊಡಗಿತು. ತೋಟ ನೋಡನೋಡುತ್ತ ತುಂಬಿತು. ಕಲ್ಲಿನ ಬಾಯಿಯವರೆಗೆ ನೀರು ಏರಬೇಕಿತ್ತು, ಏರಲಿಲ್ಲ. ಅದಕ್ಕಿಂತ ಮೊದಲೇ ಒಡ್ಡಿನ ಖಾಲಿ ಜಾಗದಿಂದ ನುಗ್ಗಿ, ಗೋಡೆಯ ಸಂದಿನೊಳಗೆ ಹಾಯ್ದು, ನೆಟ್ಟಗೆ ಕಾಕುವಿನ ಹಿಂದಿನ ಬಾಗಿಲಿಗೆ ಹೊರಟಿತು. ಮೊದಲು ಹಿತ್ತಲಿನ ತುಂಬ ಹರಡಿ ಹೋಗುತ್ತಿದ್ದ ನೀರನ್ನು ನಾನೇ ಒಂದೆಡೆ ಕೂಡಿಸಿ, ದಾರಿ ಮಾಡಿ ಕೊಟ್ಟಂತಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ನಾನು ಸಲಿಕೆ ಹುಡುಕುತ್ತಿರುವಾಗ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಮಳೆಯಲ್ಲಿ ಇಳಿದಿದ್ದರು. ಬಾಜೂಕ ಬಿದ್ದಿದ್ದ ಮಣ್ಣನ್ನು ಕೈಯಿಂದ ಬಾಚಿ ಬಾಚಿ ಹಾಕಿದರು. ಹಾಕಿದಷ್ಟೂ ಕೊಚ್ಚಿ ಹೋಯಿತು. ನಾನು ಸಲಿಕೆ ತಂದರೆ "ಸಲಿಕಿ ಹಚ್ಚಬ್ಯಾಡ, ಅಮಾಸಿ!" ಎಂದು ಆಗಲೂ ಚೀರಿದರು. ಕೊನೆಗೆ ಏನೂ ತೋಚದೆ ಒಡ್ಡಿನ ಆ ಖಾಲಿ ಜಾಗದಲ್ಲಿ, ನೀರಿಗೆ ಬೆನ್ನು ಕೊಟ್ಟು, ತಾವೇ ಕೂತುಬಿಟ್ಟರು. ಅಷ್ಟು ಸೊರಗಿದ ಮೈ ಎಷ್ಟು ನೀರು ತಡೆದೀತು! ಏಳ್ರಿ ಅತ್ತಿ ಎಂದು ಕೈ ಹಿಡಿದು ಎಳೆದೆ. ಏಳಲಿಲ್ಲ.

ಕಾಕುವಿನ ಹಿಂದಿನ ಬಾಗಿಲು ತೆರೆಯಿತು.

"ಏ ಯಕ್ಕಾ! ತಲಿ ಕೆಟ್ಟೈತೇನ ನಿನಗ? ಏಳ ಮ್ಯಾಲ! ಸಾಯಾಕ ಕುಂತಿಯೇನ ಅಲ್ಲಿ?"

ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

"ನಿನ್ನ ಮನಿಗೆ ನೀರ ಹೊಂಟೈತಿ" ಎಂದರು ಅತ್ತೆ.

"ಹೋಗ್ಲಿ ಬಿಡ!"

"ಹೋಗಬಾರ್ದು."

ಕಾಕು ಒಳಗೆ ಹೋದರು. ತಿರುಗಿ ಬಂದಾಗ ಅವರ ಹೆಗಲ ಮೇಲೆ ಆ ಕಂಬಳಿಯಿತ್ತು. ಒಂದು ಕಡೆ ಕೊಳೆತು, ನುಸಿ ತಿಂದು, ಆದರೂ ಎಸೆಯದೆ ಇಟ್ಟುಕೊಂಡಿದ್ದ ಕಂಬಳಿ. ಮೋಟು ಗೋಡೆ ದಾಟಿ ಬಂದರು. ಅತ್ತೆ ಅದನ್ನು ನೋಡಿದವರೇ ಎದ್ದು ನಿಂತು ಅಡ್ಡ ಕೈ ಹಿಡಿದರು. "ಅದನ್ನ ಬ್ಯಾಡ. ಅದ ಬ್ಯಾಡ, ತಂಗಿ."

"ಸರೀ ಅತ್ತಾಗ. ಹೋದ ವರ್ಸ ನಿಮ್ಮ ನೀರ ಇದನ್ನ ಕೆಡಿಸ್ತು. ಈ ವರ್ಸ ಇದ ನಿಮ್ಮ ನೀರ ತಡೀಲಿ."

ಉದ್ದಕ್ಕೆ ಸುತ್ತಿ, ಖಾಲಿ ಜಾಗದಲ್ಲಿ ಇಟ್ಟು, ಕಾಲಿನಿಂದ ತುಳಿದು ತುಳಿದು ತುರುಕಿದರು. ಅತ್ತೆಯೂ ತುಳಿದರು. ನಾನು ಸಲಿಕೆಯಿಂದ ಮಣ್ಣು ಎಳೆದು ಹಾಕಿದೆ. ಅಮಾವಾಸ್ಯೆಯ ಮಾತು ಯಾರೂ ಎತ್ತಲಿಲ್ಲ. ನೀರು ಸ್ವಲ್ಪ ಹೊತ್ತು ಸುತ್ತಿ ಸುಳಿದು, ಮೇಲೇರಿ, ಕಲ್ಲಿನ ಬಾಯಿಯಿಂದ ಓಣಿಗೆ ಹರಿಯಿತು.

ಆಮೇಲೆ ಇಬ್ಬರೂ ತೊಟತೊಟ ತೊಟ್ಟಿಕ್ಕುತ್ತ ನಮ್ಮ ಕಟ್ಟೆಯ ಮೇಲೆ ಕೂತರು. ನಾನು ಚಹಾ ತಂದೆ. ಈಗ ಅಳುತ್ತಾರೆ, ತಬ್ಬಿಕೊಳ್ಳುತ್ತಾರೆ, ಕ್ಷಮೆ ಕೇಳುತ್ತಾರೆ ಎಂದು ಕಾದೆ.

"ನೀ ಇಟ್ಟಿದ್ದ ಮಣ್ಣಾಗ ಹಳ್ಳ ಇತ್ತು ಯಕ್ಕಾ" ಎಂದರು ಕಾಕು. "ಎತ್ತಿನ ಕಾಲ ಮುರೀತು."

"ಹಳ್ಳ ಇರಾಕ ಸಾಧ್ಯನ ಇಲ್ಲ. ನಿನಗ ಎತ್ತ ಮಾಡಾಕ ಬರಂಗಿಲ್ಲ, ಮೊದಲಿಂದನೂ."

ನಾನು ಒಳಗೆ ಹೋಗಿ ತಲೆ ಒರೆಸಿಕೊಂಡೆ.

ಕಂಬಳಿ ಈಗಲೂ ಒಡ್ಡಿನೊಳಗೇ ಇದೆ. ಅಲ್ಲಿ ಕಲ್ಲು ಕಟ್ಟಿಸಿ, ಕಂಬಳಿಯನ್ನು ತೆಗೆದು, ಉಳಿದಷ್ಟನ್ನಾದರೂ ತೊಳೆದು ಕೊಡೋಣವೆಂದು ಯಜಮಾನರಿಂದ ಕಲ್ಲು ತರಿಸಿದ್ದೆ. ಅತ್ತೆ ಮುಟ್ಟಗೊಡಲಿಲ್ಲ. ಕಾಕುವನ್ನು ಕೇಳಿದರೆ "ಇರ್ಲಿ ಬಿಡ್ರಿ ಟೀಚರ, ಗಂಟಿನ್ಯಾಗ ಇದ್ದಾಗ ಯಾರ ಕೆಲಸಕ್ಕ ಬಂದಿತ್ತು?" ಎಂದರು. ಕಲ್ಲುಗಳು ಹಿತ್ತಲಲ್ಲಿ ಬಿದ್ದಿವೆ, ನಾನು ದಿನಾ ಎಡವುತ್ತೇನೆ. ಒಡ್ಡಿನ ಮೇಲೆ ಕರಿಕೆ ಹುಲ್ಲು ಹಬ್ಬಿದೆ. ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಂಡು ನನ್ನ ತೋಟವನ್ನು ಬೈಯುತ್ತಾರೆ. ಕಪ್ಪೆ ಒದರುತ್ತವಂತೆ, ಕಾಬಾಳೆ ಸೊಕ್ಕಿದೆಯಂತೆ, ಆ ಜಾಗದಲ್ಲಿ ಬದನೆಯನ್ನಾದರೂ ಹಚ್ಚಬಹುದಿತ್ತಂತೆ. ಇಬ್ಬರನ್ನು ಕೂಡಿಸಲು ಮಾಡಿದ ತೋಟ ನನ್ನನ್ನೇ ಬೈಯಲು ಅವರನ್ನು ಕೂಡಿಸಿದೆ.

ತಪ್ಪಾಯಿತು ಎಂಬ ಮಾತನ್ನು ಅತ್ತೆ ಇವತ್ತಿನವರೆಗೂ ಆಡಿಲ್ಲ. ಆದರೆ ಪ್ರತಿ ಮಳೆ ನಿಂತ ಮೇಲೆ, ನಾನು ನೋಡಿ ಬಂದೀನ್ರಿ ಎಂದರೂ ಕೇಳದೆ, ಕೋಲು ಊರಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಕಂಬಳಿ ಇರುವ ಕಡೆ ಒಡ್ಡಿನ ಮೇಲೆ ಕೈಯಿಟ್ಟು ಒತ್ತಿ ನೋಡುತ್ತಾರೆ. ಆಮೇಲೆ ಗೋಡೆಯಾಚೆಗೆ ಕೂಗುತ್ತಾರೆ.

"ಒಣಾ ಐತೇನ?"

"ಒಣಾ ಐತಿ ಯಕ್ಕಾ."

ಅಷ್ಟು ಕೇಳಿಸಿಕೊಂಡು ಒಳಗೆ ಬಂದು ರೊಟ್ಟಿ ಹಾಕು ಎನ್ನುತ್ತಾರೆ. ಇಡೀ ರೊಟ್ಟಿ ತಿನ್ನುತ್ತಾರೆ.